ಪಾಕದ ಬೆರಳಿಗೊಂದು ಗ್ಲೌಸು

ಕಾನಸೂರಿನ ಅಡುಗೆ ಗೋವಿಂದ ಭಟ್ಟ ತೀರಿಕೊಂಡಾಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಜನ ಅವನ ಕೈಗುಣವನ್ನು ಹೊಗಳಿದರು. ಹೊಗಳಿದವರಲ್ಲಿ ಹೆಚ್ಚಿನವರು ಅವನು ಬದುಕಿದ್ದಾಗ ಸಾರಿಗೆ ಉಪ್ಪು ಮುಂದಾಯಿತೆಂದೋ ಕೇಸರಿಬಾತಿಗೆ ತುಪ್ಪ ಹಿಂದಾಯಿತೆಂದೋ ಎಲೆ ಮಡಚುವ ಮೊದಲೇ ಹೇಳಿದವರು. ಆ ಕೈಗೆ ಚಳಿಯಲ್ಲಿ ಹಾಕಿಕೊಳ್ಳಲು ಒಂದು ಜೊತೆ ಗ್ಲೌಸು ಆರಿಸುವುದಕ್ಕೆ ಅವನು ಪಟ್ಟ ಪಾಡನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಅದರಲ್ಲಿ ತಮ್ಮ ಪಾಲನ್ನೂ ಹೇಳಬೇಕಾಗುತ್ತಿತ್ತು.

ಗೋವಿಂದ ಮದುವೆ, ಮುಂಜಿಗೂ ಹೋಗುತ್ತಿದ್ದನಾದರೂ ಅವನ ಹೆಸರು ನಿಂತಿದ್ದು ತಿಥಿ ಅಡುಗೆಯ ಮೇಲೆ, ಅದರಲ್ಲೂ ಅತ್ರಾಸ ಎಂಬ ಬೆಲ್ಲದ ಕಜ್ಜಾಯದ ಮೇಲೆ. ಬೆಲ್ಲದ ಪಾಕ ಕುದಿಯುವಾಗ ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ ನೋಡಬೇಕು. ಮೆತ್ತಗೆ ಉಂಡೆಯಾದರೆ ಅಕ್ಕಿಹಿಟ್ಟು ಹಾಕುವ ಹೊತ್ತು. ಸ್ವಲ್ಪ ಮೀರಿದರೂ ಅತ್ರಾಸ ಹೋಗಿ ಹಂಚಿನ ಚೂರಾಗುತ್ತದೆ. ಆ ಸ್ವಲ್ಪ ಎಷ್ಟು ಎಂಬುದು ಅವನ ಎರಡು ಬೆರಳಿಗೆ ಮಾತ್ರ ಗೊತ್ತಿತ್ತು. ಬೆರಳು ಹೊರಳಿಸುವಾಗ ಕಣ್ಣು ಮುಚ್ಚುತ್ತಿದ್ದ. ಆಗ ಮನೆಯ ಯಜಮಾನನೇ ಬಂದು ಮಾತಾಡಿಸಿದರೂ ಉತ್ತರ ಸಿಗುತ್ತಿರಲಿಲ್ಲ.

ದೂರದ ಮನೆಗಳಿಗೆ ಹಿಂದಿನ ದಿನವೇ ಹೋಗಿ ಉಳಿಯಬಹುದಿತ್ತು. ಆದರೆ ಬೇರೆಯವರ ಮನೆಯಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾರು ಕಳಿಸುತ್ತೇವೆ ಎಂದರೆ, ಕಾರಿನಲ್ಲಿ ಕೂತು ಮೊದಲ ತಿರುವು ಬರುವುದರೊಳಗೆ ಹೊಟ್ಟೆ ತೊಳಸುತ್ತಿತ್ತು. ಅಡುಗೆಯವನು ವಾಂತಿ ಮಾಡಿಕೊಂಡು ಬಂದಿಳಿದರೆ ಯಾವ ಮನೆಯವರಿಗೂ ಹಿತವಾಗುವುದಿಲ್ಲ. ಹಾಗಾಗಿ ನಸುಕಿನಲ್ಲಿ ಮಿಂದು, ಮಡಿಪಂಚೆಯ ಗಂಟನ್ನು ಹಿಂದಿನ ಸೀಟಿಗೆ ಕಟ್ಟಿ, ಹಳೇ ಬೈಕಿನಲ್ಲೇ ಹೊರಡುತ್ತಿದ್ದ. ಮಳೆಗಾಲದಲ್ಲಿ ಕೋಟು ಹಾಕಿದರೆ ಮುಗಿಯಿತು. ಚಳಿಗಾಲದಲ್ಲಿ ಇಬ್ಬನಿಯೊಳಗೆ ಗಾಡಿ ಹೊಡೆಯುವಾಗ ಬೆರಳುಗಳು ಮೊದಲು ನೋಯುತ್ತಿದ್ದವು, ಆಮೇಲೆ ಉರಿಯುತ್ತಿದ್ದವು, ಕೊನೆಗೆ ಇಲ್ಲವೇ ಇಲ್ಲ ಎನ್ನುವ ಹಾಗಾಗುತ್ತಿದ್ದವು. ಪ್ರಾಯದಲ್ಲಿ ಒಲೆಯ ಮುಂದೆ ಕೈ ಹಿಡಿದರೆ ಸರಿಹೋಗುತ್ತಿತ್ತು. ಐವತ್ತು ದಾಟಿದ ಮೇಲೆ ಅವು ಬೇಗ ಮರಳಿ ಬರುವುದನ್ನು ಬಿಟ್ಟವು.

ಅದು ಬಯಲಿಗೆ ಬಿದ್ದಿದ್ದು ದತ್ತಾತ್ರೇಯ ಹೆಗಡೆಯವರ ತಂದೆಯ ತಿಥಿಯ ದಿನ. ಹೆಗಡೆಯವರ ಮನೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿಯುವ ಮೊದಲು. ಕಾನಸೂರಿನಿಂದ ಶಿರಸಿ, ಸೋಂದಾ ಕ್ರಾಸು ಹಾದು ಅಲ್ಲಿಗೆ ಮುಟ್ಟುವಾಗ ಮಾರ್ಗಶಿರದ ಚಳಿ ಗೋವಿಂದನ ಕೈಯನ್ನು ಪೂರ್ತಿ ತಿಂದಿತ್ತು. ವೈದಿಕರಿಗೆ ಮತ್ತೊಂದು ಮನೆಗೆ ಹೋಗುವ ಅವಸರ, ಹೆಗಡೆಯವರಿಗೆ ವೈದಿಕರ ಅವಸರ. ಗೋವಿಂದ ಪಾಕದ ಹನಿಯನ್ನು ಬೆರಳಲ್ಲಿ ಹೊರಳಿಸಿದ. ಏನೂ ತಿಳಿಯಲಿಲ್ಲ. ಇನ್ನೊಂದು ಹನಿ, ಮತ್ತೊಂದು ಹನಿ. ಬೆರಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಪಾಕ ಮೀರಿ ಹೋಗಿತ್ತು.

ತಿಥಿ ಊಟದಲ್ಲಿ ಅಡುಗೆಯನ್ನು ಹೊಗಳಬಾರದು, ತೆಗಳಲೂ ಬಾರದು. ಅಂದು ಯಾರೂ ಮಾತಾಡಲಿಲ್ಲ. ಹಾಗಾಗಿಯೇ ಹಿರಿಯ ವೈದಿಕರಾದ ಶಂಭು ಭಟ್ಟರು ಅತ್ರಾಸ ಕಚ್ಚಿದಾಗ ‘ಕಟಂ’ ಎಂದ ಸದ್ದು ಹೊರಗಿನ ಜಗಲಿಯವರೆಗೂ ಕೇಳಿಸಿತು. ಪಕ್ಕದ ಎಲೆಯಲ್ಲಿ ಇನ್ನೊಂದು ಕಟಂ. ಶಂಭು ಭಟ್ಟರು ಬಾಯಿಗೆ ಕೈ ಅಡ್ಡ ಹಿಡಿದು ಹಲ್ಲಿನ ಸೆಟ್ಟನ್ನು ಸರಿಪಡಿಸಿಕೊಂಡರು. ಊಟ ಮುಗಿದಾಗ ಹೆಗಡೆಯವರು ಕೈಮುಗಿದು ಶಾಸ್ತ್ರದ ಪ್ರಕಾರ ತೃಪ್ತಿಯಾಯಿತೇ ಎಂದು ಕೇಳಿದರು. ತೃಪ್ತಿಯಾಯಿತು ಎಂದು ಶಾಸ್ತ್ರದ ಪ್ರಕಾರ ಉತ್ತರ ಬಂತು.

ಶಾಸ್ತ್ರದ ಬಿಗಿ ಆ ದಿನಕ್ಕೆ ಮಾತ್ರ. ಮಾರನೆಯ ಬೆಳಿಗ್ಗೆ ಫೋನುಗಳು ಶುರುವಾದವು.

“ಗೋವಿಂದಣ್ಣಾ, ನಿನ್ನೇದು ಅತ್ರಾಸ ಉಳದ್ದು ಇದ್ದಾ? ಅಂಗಳದ ಮಣ್ಣಲ್ಲಿ ಗಾಡಿ ಸ್ಟ್ಯಾಂಡು ಹುಗೀತು ಮಾರಾಯಾ, ಅದ್ರ ಅಡಿಗೆ ಒಂದು ಇಡಲೆ ಬೇಕಾಗಿತ್ತು.”

ಸಂಜೆಗೆ ಮಾತು ಸಿದ್ದಾಪುರ ಮುಟ್ಟುವಾಗ ತಮಾಷೆ ಉದುರಿಹೋಗಿ ‘ಗೋವಿಂದನ ಕೈ ಹೋತಡ’ ಎಂದಷ್ಟೇ ಉಳಿದಿತ್ತು. ಅಡುಗೆಯವನ ಬಗ್ಗೆ ಆಡಬಹುದಾದ ಕೊನೆಯ ಮಾತು ಅದು. ಕಾಲು ಹೋದರೆ ಜನ ಬಂದು ನೋಡುತ್ತಾರೆ. ಕೈ ಹೋಯಿತು ಎಂದರೆ ಬೇರೆ ಅಡುಗೆಯವನ ನಂಬರು ಕೇಳುತ್ತಾರೆ.

ಹೆಗಡೆಯವರು ಹಳೆಯ ವಿಶ್ವಾಸದವರು. “ಅಪ್ಪನ ತಿಥಿಗೆ ಹಿಂಗಾತು. ಮಾಘದಲ್ಲಿ ಆಯಿ ತಿಥಿ ಇದ್ದು, ಅದ್ಕೆ ಸರಿ ಮಾಡು. ಮತ್ತೂ ಹಿಂಗೇ ಆದ್ರೆ ಆನು ಎಂತ ಹೇಳಲಿ, ಜನ ಕೇಳ್ತ” ಎಂದರು. ಜನ ಕೇಳುತ್ತಾರೆ ಎಂದರೆ ಅವರ ಭಾಷೆಯಲ್ಲಿ ಇದೇ ಕೊನೆಯ ಸಲ ಎಂದರ್ಥ.

“ಗ್ಲೌಸು ಹಾಕ್ಯಂಡು ಹೋದ್ರೆ ಮುಗೀತಲಿ” ಎಂದಳು ಹೆಂಡತಿ ಭುವನೇಶ್ವರಿ.

ಮುಗಿಯಲಿಲ್ಲ. ಗೋವಿಂದ ಒಂದು ಗ್ಲೌಸು ಕೊಳ್ಳಬೇಕೆಂದಿದ್ದಾನೆ ಎಂಬುದು ಗೊತ್ತಾದದ್ದೇ ತಡ, ಅದುವರೆಗೆ ಬೈಕೇ ಹತ್ತದವರು ಕೂಡ ಗ್ಲೌಸಿನ ಪಂಡಿತರಾದರು. ಒಬ್ಬರು ದಪ್ಪ ಬೇಕು ಎಂದರು, ಒಬ್ಬರು ದಪ್ಪವಾದರೆ ಬ್ರೇಕು ಸಿಗುವುದಿಲ್ಲ ಎಂದರು. ಗ್ಲೌಸು ಹಾಕಿ ರೂಢಿಯಾದರೆ ಕೈ ಸೋಮಾರಿಯಾಗುತ್ತದೆ ಎಂದು ಮತ್ತೊಬ್ಬರು ಹೆದರಿಸಿದರು. ಶಂಭು ಭಟ್ಟರನ್ನು ಕೇಳಿದಾಗ ಅವರು ಎಲೆಯಡಿಕೆಯ ಕವಳ ಬಾಯಿಗೆ ಹಾಕಿ, ಉಗಿದು ಬಂದು, ಕೂತು ಹೇಳಿದರು:

“ಚರ್ಮದ್ದು ಆಗ್ತಿಲ್ಲೆ. ಕೃಷ್ಣಾಜಿನ ಆದ್ರೆ ಅಡ್ಡಿಲ್ಲೆ. ಜಿಂಕೆ ಚರ್ಮಕ್ಕೆ ದೋಷ ಇಲ್ಲೆ.”

“ಜಿಂಕೆ ಚರ್ಮದ ಗ್ಲೌಸು ಹಾಕ್ಯಂಡು ಅರಬೈಲ್ ಕಾಡಲ್ಲಿ ಹೋದ್ರೆ ಫಾರೆಸ್ಟಿನವು ಬಿಡ್ತ್ವ ಭಟ್ರೆ?”

“ಅದು ಸರಕಾರದ ದೋಷ. ಶಾಸ್ತ್ರದ್ದಲ್ಲ.”

ಮಗಳು ಮೇಧಾ ಮೊಬೈಲು ತೆಗೆದು ಆನ್‌ಲೈನಿನಲ್ಲಿ ತೋರಿಸಿದಳು. ಅಲ್ಲಿ ಗ್ಲೌಸುಗಳು ಸಾಲುಸಾಲಾಗಿ ಬೆರಳು ಚಾಚಿ ನಿಂತಿದ್ದವು. ಅಂಗೈ ಅಳೆದರೆ ಒಂದು ಸೈಜು, ಬೆರಳು ಅಳೆದರೆ ಇನ್ನೊಂದು. ಕೆಳಗೆ ಕೊಂಡವರ ಅಭಿಪ್ರಾಯಗಳು. ಒಬ್ಬ ಹಿಮಾಲಯಕ್ಕೆ ಹೋಗಿ ಬಂದೆ, ಚೆನ್ನಾಗಿದೆ ಎಂದು ಬರೆದಿದ್ದ. ಇನ್ನೊಬ್ಬ ಇನ್ನೂ ಹಾಕಿ ನೋಡಿಲ್ಲ, ಆದರೂ ಐದು ನಕ್ಷತ್ರ ಎಂದಿದ್ದ.

“ಇದ್ನ ಹಾಕ್ಯಂಡೇ ಫೋನು ಮುಟ್ಲಕ್ಕಡ ಅಪ್ಪಾ.”

“ಪಾಕ ಮುಟ್ಲಕ್ಕಾ?”

“ಅದ್ನ ಬರದ್ದಿಲ್ಲೆ.”

“ಮತ್ತೆ! ಇವರಲ್ಲಿ ಒಬ್ಬವನೂ ಅತ್ರಾಸ ಮಾಡಿದವ ಇಲ್ಲೆ” ಎಂದು ಗೋವಿಂದ ಎದ್ದು ಶಿರಸಿಗೆ ಹೊರಟ.

ಶಿರಸಿಯಲ್ಲಿ ಚಂದ್ರಶೇಖರಪ್ಪನವರ ಹೆಲ್ಮೆಟ್ಟು, ಸೀಟ್ ಕವರಿನ ಅಂಗಡಿ. ಬನವಾಸಿ ಕಡೆಯವರು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಅವರ ಮಾತು ಕೆಳಗಿಳಿದು ಬರುತ್ತಿತ್ತು.

“ಬರ್ರಿ ಬರ್ರಿ ಭಟ್ರ. ಗ್ಲೌಸಾ? ಇದನ್ನ ಹಾಕ್ಕೊಂಡ ನೋಡ್ರಿ. ಪ್ಯೂರ್ ಲೆದರ್. ಗಾಳಿ ಏನ್ ಮಾಡಿದ್ರೂ ಒಳಗ ಬರೂದಿಲ್ರಿ.”

ಗೋವಿಂದ ಕೈ ಹಾಕಿದ. ಹಾಕಿದ ಕೂಡಲೇ ತಿಳಿಯಿತು, ಇದೇ. ಒಳಗೆ ಮೆತ್ತಗೆ, ಹೊರಗೆ ಬಿಗಿ, ಬೆರಳು ಮಡಚಿದರೆ ಗ್ಲೌಸೂ ಮಡಚುತ್ತದೆ. ಅಂಗಡಿಯ ಸೆಕೆಯಲ್ಲೇ ಬೆರಳ ತುದಿಗೆ ಜೀವ ಬಂದ ಹಾಗಾಯಿತು. ಆಮೇಲೆ ಅವನ ಬಾಯಿ ಅವನ ಅನುಮತಿ ಇಲ್ಲದೆ ಕೇಳಿತು:

“ಇದು ಯಾವುದರ ಚರ್ಮ?”

“ಆಡಿಂದೋ ಎಮ್ಮಿದೋ ಇರತೈತ್ರಿ. ಅದನ್ನ ಕೇಳಿ ಏನ್ ಮಾಡ್ತೀರಿ? ಈಗ ಅದಕ್ಕೂ ನೆನಪಿಲ್ಲ.”

“ತಿಥಿ ಮನೆಗೆ ಹೋಗುವುದು ಮಾರಾಯ್ರೆ.”

“ಹೋಗ್ರಿ. ಗಾಡಿ ಮ್ಯಾಲ ಬಿಟ್ಟು ಒಳಗ ಹೋಗ್ರಿ. ಗ್ಲೌಸೇನ ಪಂಕ್ತಿಗೆ ಕುಂದರತಾವೇನ್ರಿ?”

ಗೋವಿಂದ ಅದನ್ನು ಕಳಚಿಟ್ಟ. ಆ ಜೊತೆಯನ್ನು ಅವನು ಆಮೇಲೂ ಮರೆತಿರಲಿಲ್ಲ. ಶಿರಸಿಗೆ ಹೋದಾಗಲೆಲ್ಲ ಆ ಅಂಗಡಿಯ ಗಾಜಿನ ಕಡೆ ಒಮ್ಮೆ ನೋಡಿ, ಏನೂ ನೋಡದವನ ಹಾಗೆ ಮುಂದೆ ಹೋಗುತ್ತಿದ್ದ. ಚಂದ್ರಶೇಖರಪ್ಪನವರು ಆ ದಿನ ಇನ್ನೊಂದು ಜೊತೆ ತೆಗೆದರು.

“ಹಂಗಾದ್ರ ಇದು ರೆಕ್ಸಿನ್. ಒಂದ ಜೀವಾನೂ ಹೋಗಿಲ್ಲ ಇದಕ್ಕ. ಆದ್ರ ನೋಡಾಕ ಥೇಟ್ ಲೆದರ್. ಯಾರು ನೋಡಿದ್ರೂ ಲೆದರ್ ಅಂತನ ತಿಳೀತಾರ. ಅದ ಇದರ ಗಮ್ಮತ್ತು ನೋಡ್ರಿ.”

ಅದರ ಗಮ್ಮತ್ತು ಮಾಘದಲ್ಲಿ ಗೊತ್ತಾಯಿತು. ಹೆಗಡೆಯವರ ತಾಯಿಯ ತಿಥಿಯ ದಿನ ಗೋವಿಂದ ಗ್ಲೌಸನ್ನು ಬೈಕಿನ ಕನ್ನಡಿಗೆ ನೇತುಹಾಕಿ, ಬಚ್ಚಲಿಗೆ ಹೋಗಿ ಮತ್ತೆ ಮಿಂದು, ಮಡಿಯುಟ್ಟು ಒಲೆಯ ಮುಂದೆ ಕೂತಿದ್ದನಷ್ಟೇ. ಅಂಗಳದಲ್ಲಿ ಗುಜುಗುಜು ಶುರುವಾಯಿತು.

“ಅದು ಚರ್ಮದ್ದೇಯಾ.”

“ಅಲ್ಲ, ರೆಕ್ಸಿನ್ನು” ಎಂದ ಗೋವಿಂದ ಒಳಗಿಂದಲೇ.

“ರೆಕ್ಸಿನ್ನು ಹಿಂಗೆ ಹೊಳೀತಿಲ್ಲೆ.”

“ಚರ್ಮನೂ ಹಿಂಗೆ ಹೊಳೀತಿಲ್ಲೆ.”

ಮುಟ್ಟಿ ನೋಡಿದರೆ ತಿಳಿಯುತ್ತಿತ್ತು. ಆದರೆ ಚರ್ಮವೇ ಆಗಿದ್ದರೆ ಮುಟ್ಟಿದವನಿಗೆ ಮೈಲಿಗೆ. ಕೊನೆಗೆ ಶಂಭು ಭಟ್ಟರು ಉಪಾಯ ಹೇಳಿದರು. ಚರ್ಮ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ರೆಕ್ಸಿನ್ನು ಸುಟ್ಟರೆ ಬೇರೆ ವಾಸನೆ. ತುದಿಗೆ ಬೆಂಕಿ ತಾಗಿಸಿ ನೋಡಿದರಾಯಿತು. ಸುಡುವವರು ಯಾರು? ಮಡಿಯಲ್ಲಿಲ್ಲದವನು ಬೇಕು. ಹುಬ್ಬಳ್ಳಿಯಿಂದ ಬಂದ ಹೆಗಡೆಯವರ ಅಳಿಯ ಉಲ್ಲಾಸ ಪ್ಯಾಂಟಿನಲ್ಲಿದ್ದ. ಸೊಂಟಕ್ಕೆ ಚರ್ಮದ ಬೆಲ್ಟು, ಹಿಂದಿನ ಕಿಸೆಯಲ್ಲಿ ಚರ್ಮದ ಪಾಕೀಟು, ಕೈಗೆ ಚರ್ಮದ ಪಟ್ಟಿಯ ಗಡಿಯಾರ. ಚರ್ಮವನ್ನು ಪತ್ತೆಮಾಡಲು ಅವನಿಗಿಂತ ತಕ್ಕವರು ಆ ಅಂಗಳದಲ್ಲಿ ಇರಲಿಲ್ಲ.

ಉಲ್ಲಾಸ ಬಲಗೈ ಗ್ಲೌಸಿನ ತೋರುಬೆರಳಿಗೆ ಲೈಟರು ಹಿಡಿದ. ಅದು ಕೆಂಪಾಗಿ, ಕಪ್ಪಾಗಿ, ಕರಗಿ ತೊಟ್ಟಿಕ್ಕಿತು. ಎಲ್ಲರೂ ದೂರ ನಿಂತು ಮೂಗು ಮುಂದೆ ಮಾಡಿದರು.

“ಪ್ಲಾಸ್ಟಿಕ್ಕು!” ಎಂದರು ಶಂಭು ಭಟ್ಟರು ಗೆದ್ದವರ ಹಾಗೆ. “ಆನು ಮೊದ್ಲೇ ಅಂದ್ಕಂಡಿದ್ದಿ, ಇದು ಚರ್ಮ ಅಲ್ಲ ಹೇಳಿ.”

ಗ್ಲೌಸು ನಿರಪರಾಧಿ ಎಂದು ಸಾಬೀತಾಯಿತು. ಆದರೆ ತಿಥಿಯ ದಿನ ಅಂಗಳದಲ್ಲಿ ಪ್ಲಾಸ್ಟಿಕ್ಕು ಸುಟ್ಟ ಹೊಗೆ ಒಳ್ಳೆಯದಲ್ಲವೆಂದು ಹೊಗೆ ತಾಗಿದವರೆಲ್ಲ ಮತ್ತೆ ಮಿಂದರು. ಹಂಡೆಯ ಬಿಸಿನೀರು ಮುಗಿದು, ಮತ್ತೆ ಕಾಯಿಸಿ, ಸರದಿ ಮುಗಿಯುವಾಗ ಹೊತ್ತು ನೆತ್ತಿಗೆ ಬಂದಿತ್ತು. ಅತ್ರಾಸಕ್ಕೆ ಸಮಯ ಉಳಿಯಲಿಲ್ಲ. ಬರೀ ವಡೆ, ಪಾಯಸದಲ್ಲಿ ತಿಥಿ ಮುಗಿಯಿತು. ಆ ದಿನವೂ ಎಲ್ಲರೂ ತೃಪ್ತರಾದರು. ಮಾರನೆಯ ದಿನ ಫೋನಿನಲ್ಲಿ ಸುದ್ದಿ ಹೀಗೆ ಹೋಯಿತು: ‘ಗೋವಿಂದಂಗೆ ಈಗ ಅತ್ರಾಸ ಮಾಡಲೇ ಬತ್ತಿಲ್ಲೆ.’

ತಿಥಿಯ ಸಂಜೆಯೇ ಹೆಗಡೆಯವರು ಅವನನ್ನು ದಾರಿಗೆ ಬಿಡಲು ಬಂದವರು ಬೈಕಿನ ಹತ್ತಿರ ನಿಂತು, ಮುಖ ಬೇರೆ ಕಡೆ ಮಾಡಿ, “ಅಪ್ಪನ ತಿಥಿಗೆ ಬಾ. ಅದೊಂದು ನೋಡವ” ಎಂದರು. ಗೋವಿಂದ ತೂತುಬಿದ್ದ ಗ್ಲೌಸು ಹಾಕಿಕೊಂಡು ಹೊರಟ. ಗಾಳಿ ಆ ತೂತಿನಿಂದ ಸರಿಯಾಗಿ ಪಾಕದ ಬೆರಳಿಗೇ ಬಂದು ಕಚ್ಚುತ್ತಿತ್ತು.

ಆ ಮಳೆಗಾಲದಲ್ಲಿ ಅವನಿಗೆ ಕರೆ ಕಡಿಮೆಯಾಯಿತು. ಮೊದಲು ಬರುವುದೇ ಇಲ್ಲವೇನೋ ಎಂದು ಜನ ಕಾಯುತ್ತಿದ್ದ ಅಡುಗೆಯವನು ಈಗ ಫೋನಿನ ಹತ್ತಿರ ಕೂತಿರುತ್ತಿದ್ದ. ಮನೆಯಲ್ಲೂ ಒಗ್ಗರಣೆಗೆ ಕೈ ಹಾಕುವ ಮೊದಲು ಬೆರಳನ್ನು ಒಮ್ಮೆ ಉಜ್ಜಿ ನೋಡಿಕೊಳ್ಳುತ್ತಿದ್ದ. ಅದನ್ನು ಭುವನೇಶ್ವರಿ ನೋಡಿದಳು. ತನ್ನ ಹಳೆಯ ಸ್ವೆಟರೊಂದನ್ನು ಬಿಚ್ಚಿ ಗ್ಲೌಸು ಹೆಣೆಯಲು ಕೂತಳು. ಉಣ್ಣೆಗೆ ಮೈಲಿಗೆ ಇಲ್ಲವೆಂದು ಶಂಭು ಭಟ್ಟರಿಂದ ಮೊದಲೇ ಫೋನಿನಲ್ಲಿ ಹೇಳಿಸಿಕೊಂಡಿದ್ದಳು. ಅವರು ಆಮೇಲೆ ಮಾತಿನಿಂದ ಹಿಂದೆ ಸರಿಯಬಾರದೆಂದು ಮೇಧಾಳಿಂದ ಅದನ್ನು ರೆಕಾರ್ಡೂ ಮಾಡಿಸಿದ್ದಳು. ಅವಳ ಸ್ವೆಟರು ನೇರಳೆ ಬಣ್ಣದ್ದು. ಗೋವಿಂದನ ಗ್ಲೌಸೂ ನೇರಳೆಯದೇ ಆಯಿತು.

ಚಳಿ ಹುಟ್ಟಿದ ಮೇಲೆ ಪರೀಕ್ಷೆಗಳು ನಡೆದವು. ಗೋವಿಂದ ನಸುಕಿನಲ್ಲಿ ಸಿದ್ದಾಪುರದ ಕಡೆ ಬೈಕು ಹೊಡೆದು ತಿರುಗಿ ಬರುವುದು. ಅಷ್ಟರಲ್ಲಿ ಭುವನೇಶ್ವರಿ ಒಲೆಯ ಮೇಲೆ ಬೆಲ್ಲದ ಪಾಕ ಇಟ್ಟಿರುವುದು. ಅವನು ಬಂದವನೇ ಗ್ಲೌಸು ಕಳಚಿ ಹನಿ ಹೊರಳಿಸಿ ನೋಡುವುದು.

“ಬಂತು.”

“ಎಂತ ಬಂತು? ನೀರು ನೀರು ಇದ್ದು. ನಿಂಗ್ಳ ಬೆರಳು ಇನ್ನೂ ಸಿದ್ದಾಪುರದಲ್ಲೇ ಇದ್ದು.”

ಉಣ್ಣೆ ಬೆಚ್ಚಗಿತ್ತು, ಆದರೆ ಗಾಳಿ ಹೆಣಿಗೆಯ ಕಣ್ಣಿಕಣ್ಣಿಯಲ್ಲೂ ನುಗ್ಗುತ್ತಿತ್ತು. ಇಬ್ಬನಿ ಕೂತು ಒದ್ದೆಯಾದರೆ ಗ್ಲೌಸು ಹಾಕದಿದ್ದುದೇ ವಾಸಿ ಎನ್ನುವ ಹಾಗಾಗುತ್ತಿತ್ತು. ಮನೆಯಲ್ಲಿ ಮೀರಿದ ಪಾಕ ತುಂಬಿ, ಮೂರು ಹೊತ್ತೂ ಬೆಲ್ಲದ ಚಿಕ್ಕಿ ತಿಂದು ಮೇಧಾ ಕೈಮುಗಿದಳು. ಒಂದು ಬೆಳಿಗ್ಗೆ ಗೋವಿಂದ ಗ್ಲೌಸನ್ನು ಒಲೆಯ ಕಟ್ಟೆಯ ಮೇಲೆ ಎಸೆದು ಹೇಳಿದ:

“ಬಿಡು. ಹೆಗಡೇರಿಗೆ ಫೋನ್ ಮಾಡಿ, ಬೇರೆಯವ್ರ ನೋಡ್ಕಳಿ ಹೇಳ್ತೆ.”

“ಗಾಳಿ ಬತ್ತು ಅಂದ್ರೆ ಗಾಳಿಗೆ ಅಡ್ಡ ಕಟ್ಟದು ಬಿಟ್ಟು ಫೋನ್ ಮಾಡ್ತಡ! ಅಂಗಳದಲ್ಲಿ ಒಲೆ ಹೂಡಿದಾಗ ಗಾಳಿ ಹೊಡದ್ರೆ ನಿಂಗ ಎಂತ ಮಾಡ್ತ್ರಿ? ಬೆಂಕಿಗೆ ಸ್ವೆಟರ್ ಹಾಕ್ತ್ರಾ?”

ಅಂಗಳದ ಒಲೆಗೆ ಗಾಳಿ ಹೊಡೆದರೆ ಅವನು ಅಡಿಕೆ ಹಾಳೆಯನ್ನು ಅಡ್ಡ ನಿಲ್ಲಿಸುತ್ತಿದ್ದ. ಮರದಿಂದ ಉದುರಿದ ಅಗಲದ ಹಾಳೆ, ನೀರು ಹೀರುವುದಿಲ್ಲ, ಗಾಳಿ ಬಿಡುವುದಿಲ್ಲ. ಅಡುಗೆಗೆ ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದ ಸಾಮಾನೇ ಅದು. ಇಷ್ಟು ವರ್ಷ ಬೆಂಕಿಯನ್ನು ಕಾಯ್ದವನಿಗೆ ಕೈಯನ್ನು ಕಾಯುವುದು ಹೊಳೆದಿರಲಿಲ್ಲ. ಎರಡು ಹಾಳೆ ನೆನೆಸಿ, ಬಗ್ಗಿಸಿ, ಒಣಗಿಸಿ, ಬೈಕಿನ ಎರಡೂ ಹಿಡಿಯ ಮುಂದೆ ತಂತಿಯಲ್ಲಿ ಬಿಗಿದ. ಒಳಗೆ ನೇರಳೆ ಗ್ಲೌಸು, ಹೊರಗೆ ಹಾಳೆ. ಸಿದ್ದಾಪುರದ ದಾರಿಯಲ್ಲಿ ಹೋಗಿ ಬಂದು ಹನಿ ಹೊರಳಿಸಿದ, ಕಣ್ಣು ಮುಚ್ಚಿದ.

“ಇನ್ನೂ ಚೂರು ಬೇಕು” ಎಂದ.

ಭುವನೇಶ್ವರಿ ತಾನೂ ಮುಟ್ಟಿ ನೋಡಿದಳು. ಚೂರು ಬೇಕಾಗಿಯೇ ಇತ್ತು.

ಶಿರಸಿಯಲ್ಲಿ ಅವನ ಗಾಡಿ ನೋಡಿ ಚಂದ್ರಶೇಖರಪ್ಪನವರು ಅಂಗಡಿ ಬಿಟ್ಟು ಹೊರಗೆ ಬಂದರು. “ಇದೇನ್ರಿ ಭಟ್ರ, ಗಾಡಿಗೆ ಆನಿ ಕಿವಿ ಮೂಡ್ಯಾವಲ್ರೀ!” ಎಂದರು. ಒಂದು ಸುತ್ತು ಬಂದು ಹಾಳೆಯನ್ನು ತಟ್ಟಿ ನೋಡಿ, ದನಿ ತಗ್ಗಿಸಿ, “ಒಂದು ಜೋಡಿಗೆ ಎಷ್ಟಕ್ಕ ಮಾಡಿಕೊಡ್ತೀರಿ?” ಎಂದು ಕೇಳಿದರು.

ಮಾರ್ಗಶಿರದಲ್ಲಿ ಹೆಗಡೆಯವರ ತಂದೆಯ ತಿಥಿಯ ದಿನ ಸೋಂದಾ ಕ್ರಾಸಿನಿಂದ ಆಚೆ ಇಬ್ಬನಿಯಲ್ಲಿ ದಾರಿಯೇ ಕಾಣುತ್ತಿರಲಿಲ್ಲ. ಗೋವಿಂದ ಹೆಗಡೆಯವರ ಅಂಗಳದಲ್ಲಿ ಗಾಡಿ ನಿಲ್ಲಿಸಿದಾಗ ಜನ ಅವನ ಮುಖ ನೋಡಲಿಲ್ಲ, ಕೈ ನೋಡಿದರು. ಉಲ್ಲಾಸ ಮೂಗು ಚಾಚಿಕೊಂಡೇ ಹತ್ತಿರ ಬಂದ. ನೇರಳೆ ಉಣ್ಣೆಯನ್ನೂ ಹಾಳೆಯನ್ನೂ ನೋಡಿ ಹಿಂದೆ ಸರಿದ. ಸುಟ್ಟು ನೋಡುವಂಥದು ಏನೂ ಇರಲಿಲ್ಲ. “ಹಾಳೆಗೆ ಎಂತಾ ದೋಷನೂ ಇಲ್ಲೆ” ಎಂದು ಶಂಭು ಭಟ್ಟರು ಯಾರೂ ಕೇಳದೆಯೇ ತೀರ್ಪು ಕೊಟ್ಟರು.

ಒಲೆಯ ಮುಂದೆ ಅವನು ಹನಿ ಹೊರಳಿಸಿದಾಗ ಹೆಗಡೆಯವರು ಬಾಗಿಲಲ್ಲಿ ನಿಂತಿದ್ದರು. ಗೋವಿಂದ ಕಣ್ಣು ತೆರೆದು, ಹಿಟ್ಟಿನ ಪಾತ್ರೆಗೆ ಕೈ ಚಾಚಿದ.

ಪಂಕ್ತಿಗೆ ಬಡಿಸಿದ ಮೇಲೆ ಅವನು ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತ. ಶಂಭು ಭಟ್ಟರು ಅತ್ರಾಸವನ್ನು ಕಡೆಹಲ್ಲಿಗೆ ತೆಗೆದುಕೊಂಡು ಹೋಗಿ, ದೇವರ ಮೇಲೆ ಭಾರ ಹಾಕಿ ಕಚ್ಚಿದರು. ಸದ್ದಿಲ್ಲ. ಪಕ್ಕದ ಎಲೆಯಲ್ಲೂ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಶಂಭು ಭಟ್ಟರ ಎಡಗೈ ನಿಧಾನವಾಗಿ ಮೇಲೆದ್ದು, ಒಂದು ಬೆರಳು ಎತ್ತಿ, ಯೋಚಿಸಿ, ಎರಡು ಬೆರಳು ಎತ್ತಿತು. ಹೆಗಡೆಯವರೇ ಬುಟ್ಟಿ ಹಿಡಿದು ಓಡಿದರು.

ಮಾರನೆಯ ದಿನ ಗೋವಿಂದ ಫೋನಿನ ಹತ್ತಿರ ಕೂತ. ಒಂದು ಫೋನೂ ಬರಲಿಲ್ಲ. ತಪ್ಪಾದರೆ ಘಟ್ಟದ ಮೇಲಿನವರೆಲ್ಲ ಫೋನು ಮಾಡುತ್ತಾರೆ. ಸರಿಯಾದಾಗ ಯಾರ ಮನೆಯಲ್ಲೂ ರೇಂಜು ಇರುವುದಿಲ್ಲ. ವಾರ ಕಳೆದು ತಿಥಿಗಳ ಕರೆ ಬರತೊಡಗಿದಾಗ ಅವನಿಗೆ ತನ್ನ ಕೈ ತಿರುಗಿ ಬಂದದ್ದು ತಿಳಿಯಿತು.

ಆಮೇಲೆ ಕೆಲವು ಚಳಿಗಾಲ ಅವನು ಆನೆಕಿವಿಯ ಗಾಡಿಯಲ್ಲಿ ಓಡಾಡಿದ. ಕಳೆದ ಪುಷ್ಯದಲ್ಲಿ, ಮನೆಯಲ್ಲೇ, ಊಟ ಮಾಡಿ ಜಗಲಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಅದರ ಬಗ್ಗೆ ಅವನು ಯಾರ ಹತ್ತಿರವೂ ಒಂದು ಮಾತು ಹೇಳಿರಲಿಲ್ಲ. ಬೆರಳಿನ ಬಗ್ಗೆ ಮಾತ್ರ ಹೇಳುತ್ತಿದ್ದ.

ಈ ಪುಷ್ಯದಲ್ಲಿ ಅವನ ವರ್ಷದ ತಿಥಿ ಆಯಿತು. ಅಡುಗೆಯವರು ಶಿರಸಿಯಿಂದ ಕಾರಿನಲ್ಲಿ, ಹೀಟರು ಹಾಕಿಕೊಂಡು ಬಂದಿಳಿದರು. ಬೆಚ್ಚಗಿದ್ದ ಕೈಯನ್ನು ಮತ್ತೊಮ್ಮೆ ಬಿಸಿನೀರಿನಲ್ಲಿ ತೊಳೆದುಕೊಂಡರು. ಒಲೆಯ ಹಿಂದಿನ ಮೊಳೆಯಲ್ಲಿ ನೇರಳೆ ಗ್ಲೌಸು ಹಾಗೆಯೇ ನೇತಾಡುತ್ತಿತ್ತು. ಬೇಕಾದವರು ಹಾಕಿಕೊಳ್ಳಲಿ ಎಂದು ಭುವನೇಶ್ವರಿ ವರ್ಷವಿಡೀ ಹೇಳಿದ್ದಳು, ಆದರೆ ಅದು ಅವನ ಬೆರಳಿನ ಅಳತೆಗೇ ಹೆಣೆದದ್ದು, ಬೇರೆ ಯಾರ ಕೈಗೂ ಕೂರಲಿಲ್ಲ.

ಎಲೆಗೆ ಅತ್ರಾಸ ಬಂತು. ಶಂಭು ಭಟ್ಟರು ಕಚ್ಚಿದರು.

ಕಟಂ.

ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಭುವನೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗು ಬಂದದ್ದೋ ಏನೋ ಎಂದು ಮೇಧಾ ತಿರುಗಿ ನೋಡಿ, ಅವಳ ಕಣ್ಣು ತುಂಬಿದ್ದು ಕಂಡು ಮುಖ ತಿರುಗಿಸಿದಳು. ಹೊರಗಿನ ಪಂಕ್ತಿಯಲ್ಲಿ ಅವನ ಗೆಳೆಯರಿದ್ದರು, ಹೆಗಡೆಯವರಿದ್ದರು, ಬೆಲ್ಟು ಬಿಚ್ಚಿಟ್ಟು ಪಂಚೆಯುಟ್ಟ ಉಲ್ಲಾಸನೂ ಇದ್ದ. ಯಾರೂ ಮಾತಾಡುವ ಹಾಗಿರಲಿಲ್ಲ. ತೃಪ್ತಿಯಾಯಿತೇ ಎಂದು ಕೇಳುವವರೆಗೂ ಎಲ್ಲರೂ ತಲೆ ತಗ್ಗಿಸಿ ಅಗಿಯುತ್ತಲೇ ಇದ್ದರು. ಅಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಅಷ್ಟು ಹೊತ್ತು ಯಾರೂ ತಲೆ ಎತ್ತಬೇಕಾಗಲಿಲ್ಲ, ಅದು ಒಳ್ಳೆಯದೇ ಆಯಿತು.